ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ನಮ್ಮ ಹಳೆಯ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಕಬ್ಬಿಣದ ರಂಟೆ ಬಿದ್ದಿರುತ್ತಿತ್ತು. ದಕ್ಷಿಣದ ಓದುಗರು ಇದನ್ನು ನೇಗಿಲೆಂದೇ ತಿಳಿಯಬಹುದು. ಅದರ ಮೈಮೇಲೆ ಎರಕದಲ್ಲಿ ಎದ್ದುನಿಂತ ಅಕ್ಷರಗಳಿದ್ದುವು. ಬಾಲ್ಯದಲ್ಲಿ ನಾನು ಬೆರಳಾಡಿಸಿ ಓದಿದ ಹೆಸರುಗಳಲ್ಲಿ ಕಿರ್ಲೋಸ್ಕರ ಎಂಬುದೂ ಒಂದು. ಅದೊಂದು ಮನೆತನದ ಹೆಸರೆಂದು ತಿಳಿದುದು ಬಹುಕಾಲದ ಮೇಲೆ. ಆ ಮನೆತನ ನಮ್ಮ ಮಲಪ್ರಭೆಯ ಸೀಮೆಯಲ್ಲಿಯೇ ಬೇರುಬಿಟ್ಟುದೆಂದು ತಿಳಿದುದು ಇನ್ನೂ ತಡವಾಗಿ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದುದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಸಾಹಿತ್ಯದ ಇತಿಹಾಸಗಳು ಅಣ್ಣಾಸಾಹೇಬರನ್ನು ಮರೆತಿಲ್ಲ. ನಾವು ಪಾಠ ಹೇಳುವ ಪದ್ಯಗಳಲ್ಲಿ ನೇಗಿಲಿನ ಸ್ತುತಿಗೂ ಕೊರತೆಯಿಲ್ಲ. ಆ ನೇಗಿಲನ್ನು ಕುಲುಮೆಯಿಂದ ಎತ್ತಿ ರೈತನ ಕೈಗೆ ಕೊಟ್ಟವನ ಹೆಸರು ಮಾತ್ರ ತರಗತಿಯೊಳಗೆ ಬಂದುದನ್ನು ನಾನು ಕಾಣೆ.

ಲಕ್ಷ್ಮಣರಾಯರಿಗೆ ಚಿತ್ರಕಾರನಾಗುವ ಹಂಬಲವಿತ್ತು. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ವಿಧಿ ಅಡ್ಡ ಬಂದಿತು: ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ಕುಂಚವನ್ನು ಕೆಳಗಿಟ್ಟು ಯಂತ್ರಗಳ ರೇಖಾಚಿತ್ರವನ್ನು ಕಲಿತರು. ವಿಕ್ಟೋರಿಯಾ ಜೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಸಂದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದರು. ಅಣ್ಣ ರಾಮಚಂದ್ರರಾಯರೊಡನೆ 1888ರಲ್ಲಿ ತೊಡಗಿದ್ದ ಸೈಕಲ್ಲಿನ ವ್ಯಾಪಾರ ಅಲ್ಲಿ ಇದ್ದೇ ಇತ್ತು. ಅದರ ಬದಿಗೆ ಒಂದು ಸಣ್ಣ ಕಾರ್ಖಾನೆ ಎದ್ದಿತು. ಕಣಿಕೆ ಕತ್ತರಿಸುವ ಯಂತ್ರ ಅಲ್ಲಿಯ ಮೊದಲ ಸರಕುಗಳಲ್ಲೊಂದು. ಕಬ್ಬಿಣದ ನೇಗಿಲು ಮತ್ತೊಂದು.

ನೇಗಿಲಿನ ಮಾತನ್ನು ತುಸು ಬಿಡಿಸಿ ಹೇಳಬೇಕು. ಮರದ ನೇಗಿಲು ನೆಲವನ್ನು ಸೀಳುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ತಿರುಚಿದ ಎದೆಹಲಗೆಯೊಂದುಂಟು. ಕುಳ ಕತ್ತರಿಸಿದ ಹೆಂಟೆ ಆ ಹಲಗೆಯನ್ನೇರಿ, ಹೊರಳಿ, ಬುಡ ಮೇಲಾಗಿ ಬೀಳುತ್ತದೆ. ಎರೆಯ ಹೊಲದಲ್ಲಿ ಆಳಕ್ಕಿಳಿದ ಕರಿಕೆಯ ಬೇರು ಬಿಸಿಲಿಗೆ ಬಿದ್ದು ಸಾಯುವುದು ಹೀಗೆ. ಎಲ್ಲ ಗುಟ್ಟೂ ಆ ಹಲಗೆಯ ತಿರುವಿನಲ್ಲಿದೆ. ಬಣ್ಣವನ್ನು ಕಾಣದಿದ್ದರೂ ಆಕಾರವನ್ನು ಕಂಡ ಕಣ್ಣಿಗೆ ತಕ್ಕ ಕೆಲಸವೇ ಅದು. ಇಂದು ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಪಲ್ಟಿ ನೇಗಿಲಿನಲ್ಲಿಯೂ ಅದೇ ತಿರುವು.

ಆದರೆ ನೇಗಿಲನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುವುದೆಂದು ರೈತರು ಅಂಜಿದರು. ಮೊದಲ ನೇಗಿಲು ಮಾರಾಟವಾಗಲು ವರ್ಷಗಳೇ ಹಿಡಿದುವು. ಕಿರ್ಲೋಸ್ಕರರ ಕಥೆಯನ್ನು ಹೇಳುವವರೆಲ್ಲ ಇಲ್ಲಿ ರೈತನ ಮೌಢ್ಯವನ್ನು ಕಂಡು ನಗುತ್ತಾರೆ. ನನಗೆ ಆ ನಗೆ ಸಲ್ಲದೆಂದು ತೋರುತ್ತದೆ. ಮರದ ನೇಗಿಲು ಮುರಿದರೆ ಊರ ಬಡಿಗನಿದ್ದ. ಸುಗ್ಗಿಯಲ್ಲಿ ಆಯ ಕೊಟ್ಟರೆ ವರ್ಷವೆಲ್ಲ ದುರಸ್ತಿ ಮಾಡುತ್ತಿದ್ದ. ಎರಕದ ಕುಳ ಒಡೆದರೆ ಹಳ್ಳಿಯಲ್ಲಿ ಅದನ್ನು ಬೆಸೆಯುವವರು ಯಾರು? ಆಳವಾದ ಉಳುಮೆಗೆ ಎತ್ತುಗಳೂ ಹೆಚ್ಚು ಬೇಕು. ಮಳೆ ಬಿದ್ದ ನಾಲ್ಕು ದಿನಗಳಲ್ಲಿ ಹದ ತಪ್ಪಿದರೆ ಮನೆಯ ಅನ್ನವೇ ತಪ್ಪುತ್ತದೆ. ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇದ್ದಿರಬೇಕು. ಲಕ್ಷ್ಮಣರಾಯರ ಹಿರಿಮೆ, ನೇಗಿಲನ್ನು ಎರೆದುದಕ್ಕಿಂತಲೂ, ಈ ಅಂಜಿಕೆ ಕರಗುವವರೆಗೆ ಕುಲುಮೆಯನ್ನು ಆರಗೊಡದೆ ಕಾದುದರಲ್ಲಿದೆ.

ವ್ಯಾಪಾರ ಕುದುರುವ ಹೊತ್ತಿಗೆ ನೆಲೆಯೇ ತಪ್ಪಿತು. ಊರಿನ ವಿಸ್ತರಣೆಗೆ ಆ ಜಾಗ ಬೇಕೆಂದು ಬೆಳಗಾವಿಯ ಪುರಸಭೆ ಕಾರ್ಖಾನೆಯನ್ನು ತೆರವು ಮಾಡಿಸಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಸ್ವತಃ ಚಿತ್ರಕಾರರು. ಬಿಟ್ಟುಹೋದ ಚಿತ್ರಕಲೆ ಈ ದಾರಿಯಿಂದ ತಿರುಗಿ ಬಂದು ನೆರವಾಯಿತೇನೋ! ಹಣವನ್ನು ಸಾಲವಾಗಿ ಕೊಟ್ಟರು. ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನು ಕೊಟ್ಟರು. 1910ರಲ್ಲಿ ಲಕ್ಷ್ಮಣರಾಯರು ತಮ್ಮ ಜನರೊಡನೆ ಅಲ್ಲಿಗೆ ಹೋದಾಗ ಇದ್ದುದು ಕಳ್ಳಿ, ಕಲ್ಲು, ನಾಗರಹಾವು. ಅಲ್ಲಿ ಎದ್ದ ಊರೇ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಕೂಡದೆಂದರು; ಸೆರೆಮನೆ ಕಂಡು ಬಂದವರನ್ನು ಇರುಳಿನ ಕಾವಲಿಗೆ ನೇಮಿಸಿದರು. ಇಂತಹ ಧೈರ್ಯ ಇಂದಿನ ಕಾರ್ಖಾನೆಯ ಒಡೆಯರಲ್ಲಿ ಎಷ್ಟು ಮಂದಿಗಿದೆಯೋ ತಿಳಿಯದು.

ಮುಂದಿನದು ಏಳಿಗೆಯ ಕಥೆ, ಬೇಗ ಹೇಳಬಹುದು. ನೇಗಿಲಿನ ಬೆನ್ನಿಗೆ ಕಬ್ಬಿನ ಗಾಣ ಬಂದಿತು, ನೀರೆತ್ತುವ ಪಂಪು ಬಂದಿತು. ಮಗ ಶಂತನುರಾಯರು ಅಮೆರಿಕದಲ್ಲಿ ಓದಿ ಬಂದು ಹೆಗಲು ಕೊಟ್ಟರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಸ್ಥಾಪನೆಯಾಯಿತು. ಬೆಳಗಾವಿಯಿಂದ ಹೊರಟ ಹೆಸರು ತುಂಗಭದ್ರೆಯ ದಂಡೆಯಲ್ಲಿ ಕನ್ನಡ ನಾಡಿಗೆ ಮರಳಿತು.

ಲಕ್ಷ್ಮಣರಾಯರು ತೀರಿಕೊಂಡುದು 1956ರ ಸೆಪ್ಟೆಂಬರ್ 26ರಂದು. ಇನ್ನು ಐದು ವಾರಗಳಲ್ಲಿ, ನವೆಂಬರ್ 1ರಂದು, ಅವರ ಹುಟ್ಟೂರು ಮೈಸೂರು ರಾಜ್ಯಕ್ಕೆ ಸೇರಿತು. ಅವರು ಕಟ್ಟಿದ ಊರು ಮುಂಬಯಿ ರಾಜ್ಯದಲ್ಲಿಯೇ ಉಳಿದು ಅನಂತರ ಮಹಾರಾಷ್ಟ್ರದ ಪಾಲಾಯಿತು.

ನಮ್ಮ ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರತೊಡಗಿದ ಮೇಲೆ ಕೊಟ್ಟಿಗೆಯ ರಂಟೆಯನ್ನು ಗುಜರಿಯವನು ತೂಕಕ್ಕೆ ಕೊಂಡನು. ತಕ್ಕಡಿಯ ಬಳಿ ನಾನೇ ನಿಂತಿದ್ದೆ. ಹೆಸರಿದ್ದ ಭಾಗವನ್ನಾದರೂ ಬಿಚ್ಚಿಟ್ಟುಕೊಳ್ಳೋಣವೆಂದು ಸ್ಪ್ಯಾನರು ಹಾಕಿದೆ. ತುಕ್ಕು ಹಿಡಿದ ಬೋಲ್ಟು ತಿರುಗಲಿಲ್ಲ.