ತಡವಾಗಿ ಸಂದ ಬೆಲೆ

ಬೇಡಿಕೆಯೇ ಬೆಲೆಯನ್ನು ನಿರ್ಧರಿಸುತ್ತದೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತವನು ನಾನು. ಗಾಯಕ ನಿಕ್ ಡ್ರೇಕ್ ಅವರ ಬದುಕು ಆ ಪಾಠದ ಮಿತಿಯನ್ನು ತೋರಿಸುತ್ತದೆ.

1948ರಲ್ಲಿ ರಂಗೂನಿನಲ್ಲಿ ಜನಿಸಿ ಇಂಗ್ಲೆಂಡಿನ ಹಳ್ಳಿಯಲ್ಲಿ ಬೆಳೆದ ಅವರು, ಕೇಂಬ್ರಿಜ್ ವಿದ್ಯಾರ್ಥಿಯಾಗಿದ್ದಾಗ ಸಿದ್ಧಪಡಿಸಿದ ‘ಫೈವ್ ಲೀವ್ಸ್ ಲೆಫ್ಟ್’ ಧ್ವನಿಮುದ್ರಿಕೆ 1969ರಲ್ಲಿ ಹೊರಬಂತು. ಜಾನಪದ ಛಾಯೆಯ ಗಿಟಾರಿಗೆ ಗೆಳೆಯ ರಾಬರ್ಟ್ ಕರ್ಬಿ ತಂತಿವಾದ್ಯಗಳ ಹಿನ್ನೆಲೆ ಹೆಣೆದಿದ್ದರು. ಕೊಂಡವರು ವಿರಳ. ಮುಂದಿನ ಎರಡು ಮುದ್ರಿಕೆಗಳಿಗೂ ಅದೇ ಗತಿ. ವೇದಿಕೆಗೆ ಅಂಜುತ್ತಿದ್ದ, ಖಿನ್ನತೆಯಿಂದ ಬಳಲುತ್ತಿದ್ದ ಅವರು 1974ರಲ್ಲಿ, 26ನೆಯ ವಯಸ್ಸಿನಲ್ಲಿ, ತಂದೆತಾಯಿಯ ಮನೆಯಲ್ಲೇ ಕೊನೆಯುಸಿರೆಳೆದರು.

2000ದ ಸುಮಾರಿಗೆ ಅಮೆರಿಕದ ಕಾರು ಜಾಹೀರಾತೊಂದು ಅವರ ಹಾಡನ್ನು ಬಳಸಿತು, ಮಾರಾಟ ಏರಿತು. ನಿವೃತ್ತಿಯ ನಂತರ ಆ ಮೊದಲ ಮುದ್ರಿಕೆಯನ್ನು ಆಲಿಸಿದವರಲ್ಲಿ ನಾನೂ ಒಬ್ಬ. ಕೃತಿ ಬದಲಾಗಿರಲಿಲ್ಲ. ಮೊದಲ ವರ್ಷದ ಮಾರಾಟವನ್ನೇ ಮಾನದಂಡವಾಗಿಸುವ ಸಮಾಜ, ಬದುಕಿದ್ದಾಗ ಸಲ್ಲಬೇಕಾದುದನ್ನು ಸತ್ತವರಿಗೆ ಸಲ್ಲಿಸುತ್ತದೆ.