ಕುದ್ಮುಲ್ ರಂಗರಾಯರು ಮತ್ತು ಉದ್ಯೋಗಶಿಕ್ಷಣ

ಮಂಗಳೂರಿನಿಂದ ತೆಂಕಣಕ್ಕೆ ನೇತ್ರಾವತಿಯನ್ನು ದಾಟಿದೊಡನೆ ದೊರೆಯುವ ತೊಕ್ಕೊಟ್ಟು ಇಂದು ವಿದ್ಯಾರ್ಥಿಗಳ ಕೂಡುದಾರಿಯಾಗಿದೆ. ಉಳ್ಳಾಲದ ಮಕ್ಕಳೂ ಗಡಿಯಾಚೆಯ ಮಂಜೇಶ್ವರದ ಮಕ್ಕಳೂ ಇಲ್ಲಿಂದ ಕವಲೊಡೆದು ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿಗೂ, 1980ರಲ್ಲಿ ಸ್ಥಾಪಿತವಾದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೂ ಸಾಗುತ್ತಾರೆ. ಓದು ಮುಗಿದೊಡನೆ ಉದ್ಯೋಗ ದೊರೆಯಬೇಕೆಂಬುದೇ ಬಹುಪಾಲು ತಾಯ್ತಂದೆಗಳ ಅಪೇಕ್ಷೆ. ವಿದ್ಯೆಯನ್ನು ಹೊಟ್ಟೆಪಾಡಿಗೆ ಇಳಿಸಿದರೆಂದು ಇದಕ್ಕೆ ಮೂಗು ಮುರಿಯುವ ವಿದ್ಯಾವಂತರೂ ಇಲ್ಲದಿಲ್ಲ. ಅಂಥವರು ಕುದ್ಮುಲ್ ರಂಗರಾಯರ ಚರಿತ್ರೆಯನ್ನು ಒಮ್ಮೆ ನೆನೆಯುವುದು ಲೇಸು.

ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ಸಂಸಾರಭಾರ ಹೆಗಲೇರಿತು. ಮಂಗಳೂರಿಗೆ ಬಂದು ಉಪಾಧ್ಯಾಯರಾದರು. ದುಡಿಯುತ್ತಲೇ ಓದಿ ಪರೀಕ್ಷೆಗಳಲ್ಲಿ ತೇರ್ಗಡೆಹೊಂದಿ ವಕೀಲರಾದರು. ಅನ್ನಕ್ಕೂ ವಿದ್ಯೆಗೂ ಇರುವ ನಂಟನ್ನು ಅವರು ಗ್ರಂಥದಿಂದ ಕಲಿತುದಲ್ಲ, ಬಾಳಿನಿಂದ ಕಲಿತರು. 1870ರಲ್ಲಿ ಮಂಗಳೂರಿನಲ್ಲಿ ಬೇರೂರಿದ ಬ್ರಹ್ಮಸಮಾಜವೂ, ಅದರ ಮುಂದಾಳು ಉಳ್ಳಾಲ ರಘುನಾಥಯ್ಯನವರ ಸಹವಾಸವೂ ಅವರ ಮನಸ್ಸನ್ನು ಜಾತಿಯ ಕಟ್ಟಿನಿಂದ ಬಿಡಿಸಿದುವು.

ಅಂದು ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ರಂಗರಾಯರು ಅವರಿಗಾಗಿ ಶಾಲೆಗಳನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಕಟ್ಟಿದುದು 1906ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮುಂಚೆಯೇ ನಮ್ಮ ಕರಾವಳಿಯಲ್ಲಿ ಈ ದೀಪ ಹೊತ್ತಿತ್ತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಕದಲಲಿಲ್ಲ.

ಹಸಿದ ಮಗುವಿಗೆ ಅಕ್ಷರ ಹತ್ತದೆಂಬುದನ್ನು ಬಲ್ಲ ಅವರು ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನಿಟ್ಟರು. ಬರಿಯ ಅಕ್ಷರವೂ ಸಾಲದೆಂದು ಕಂಡು ನೇಯ್ಗೆ, ಬಡಗಿಕೆಲಸ, ತೋಟಗಾರಿಕೆಗಳನ್ನು ಕಲಿಸುವ ಏರ್ಪಾಡು ಮಾಡಿದರು. ಅದರ ಮರ್ಮವನ್ನು ಅರಿಯಬೇಕು. ಒಡೆಯನ ಗದ್ದೆಯ ಕೂಲಿಯನ್ನಲ್ಲದೆ ಬೇರೊಂದನ್ನು ಅರಿಯದವನು ಓದು ಕಲಿತರೂ ಸಂಜೆಗೆ ಆ ಒಡೆಯನ ಅಂಗಳದಲ್ಲಿಯೇ ನಿಲ್ಲಬೇಕು. ಕೈಯಲ್ಲಿ ಕಸಬಿದ್ದವನು ಮಾತ್ರ ತಲೆಯೆತ್ತಿ ಬೇರೆ ಬಾಗಿಲಿಗೆ ಹೋಗಬಲ್ಲನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಮನೆಮಾರು ಕಳೆದುಕೊಂಡವರಿಗೆ ನೇಯ್ಗೆಯ ಸಾಲೆಯಲ್ಲಿಯೂ 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯಲ್ಲಿಯೂ ಕೆಲಸ ಕೊಟ್ಟಿದ್ದರು. ರಂಗರಾಯರಾದರೋ ಯಾರ ಮತವನ್ನೂ ಬದಲಿಸದೆ ಕಸಬನ್ನು ಕಲಿಸಿದರು. ದಲಿತರಿಗೂ ಕೊರಗರಿಗೂ ನೆಲೆ ಕಲ್ಪಿಸಲು ಭೂಮಿಗಾಗಿಯೂ ಶ್ರಮಿಸಿದರು.

ನುಡಿದುದನ್ನು ಅವರು ಮನೆಯಲ್ಲಿಯೂ ನಡೆಸಿದರು. ಮಗಳು ರಾಧಾಬಾಯಿಯವರ ವಿವಾಹವನ್ನು ಜಾತಿಯ ಎಲ್ಲೆಯನ್ನು ಮೀರಿ ಪಿ. ಸುಬ್ಬರಾಯನ್ ಅವರೊಡನೆ ನೆರವೇರಿಸಿದರು. ಅಳಿಯ 1926ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ಮೊಮ್ಮಗ ಜನರಲ್ ಕುಮಾರಮಂಗಲಂ 1966ರಲ್ಲಿ ಭಾರತದ ಭೂಸೇನೆಯ ದಂಡನಾಯಕರಾದರು. ರಾಯರಿಗೆ ಮಾತ್ರ ಸ್ವಂತ ಕುಲದ ಏಳಿಗೆಗಿಂತಲೂ, ತಾವು ಓದಿಸಿದ ಮಗುವೊಂದು ದೊಡ್ಡ ಹುದ್ದೆಗೇರಿ ಊರಬೀದಿಯಲ್ಲಿ ಕಾರಿನಲ್ಲಿ ಸಾಗುವುದನ್ನು ಕಾಣಬೇಕೆಂಬುದೇ ಹಂಬಲವಾಗಿತ್ತು. ಕೊನೆಯಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1928ರ ಜನವರಿ 30ರಂದು ಕಾಲವಾದರು. ತಮ್ಮ ಶವವನ್ನು ಜಾಡಮಾಲಿಗಳೇ ಹೊರಬೇಕೆಂದು ಅವರು ಬಯಸಿದ್ದರು.

ಉದ್ಯೋಗಕ್ಕಾಗಿ ವಿದ್ಯೆಯೆಂಬುದು ಕ್ಷುದ್ರವಾದ ಧ್ಯೇಯವೆನ್ನುವವರಿಗೆ ಈ ಜೀವಿತವೇ ಉತ್ತರ. ತಲೆಮಾರುಗಳಿಂದ ಉಂಡು ಉಟ್ಟವರಿಗೆ ಅದು ಕ್ಷುದ್ರವಾಗಿ ಕಂಡೀತು. ದಾಸ್ಯದಲ್ಲಿದ್ದವರಿಗೆ ಅದುವೇ ಸ್ವಾತಂತ್ರ್ಯ. ಆದರೆ ಇಂದಿನ ಉದ್ಯೋಗಶಿಕ್ಷಣದ ಸಂಸ್ಥೆಗಳಿಗೂ ಈ ಚರಿತ್ರೆಯಲ್ಲಿ ಒಂದು ಪ್ರಶ್ನೆಯುಂಟು. ರಂಗರಾಯರು ಹಣ ತರಲಾರದ ಮಗುವನ್ನು ಹುಡುಕಿಕೊಂಡು ಹೋಗಿ, ಊಟವಿಕ್ಕಿ ಕಲಿಸಿದರು. ಶುಲ್ಕ ತೆರಬಲ್ಲವರಿಗೆ ಮಾತ್ರ ತೆರೆಯುವ ಬಾಗಿಲು ಎಷ್ಟು ಉದ್ಯೋಗಗಳನ್ನು ದೊರಕಿಸಿಕೊಟ್ಟರೂ ರಾಯರ ದಾರಿಯದಾಗದು. ತೊಕ್ಕೊಟ್ಟಿನ ಕೂಡುದಾರಿಯಲ್ಲಿ ಬಸ್ಸನ್ನೇರಲಾಗದೆ ಹಿಂದುಳಿದ ಮಗು ಯಾವುದೆಂದು ನೋಡುವುದು ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.