ಕಾರ್ನಾಫೀನ್‌ನ ಮಣ್ಣಿನ ಮಗ, ಕ್ಯಾವನ್ ಪಡೆಯ ದಳಪತಿ

ಸಣ್ಣ ಊರಿನ ಕ್ಲಬ್ಬೊಂದು ರಾಷ್ಟ್ರಕ್ಕೆ ನೀಡಿದ ಆಟಗಾರ ಜಾನ್ ಜೋ ಓ'ರೈಲಿ

ನ್ಯೂಯಾರ್ಕ್ ನಗರದ ಪೋಲೊ ಗ್ರೌಂಡ್ಸ್ ಕ್ರೀಡಾಂಗಣ. 1947ರ ಸೆಪ್ಟೆಂಬರ್ 14. ಬೇಸ್‌ಬಾಲ್ ಪಂದ್ಯಗಳಿಗೆ ಹೆಸರಾದ ಆ ಅಂಗಣದಲ್ಲಿ ಅಂದು ಬೇಸ್‌ಬಾಲ್ ಇರಲಿಲ್ಲ. ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಐರ್ಲೆಂಡ್‌ನ ಎರಡು ಜಿಲ್ಲಾ ತಂಡಗಳು ತಮ್ಮ ನಾಡಿನ ಸ್ವಂತ ಆಟವಾದ ಗೇಲಿಕ್ ಫುಟ್‌ಬಾಲ್‌ನ ಅಂತಿಮ ಪಂದ್ಯಕ್ಕೆ ಅಣಿಯಾಗಿದ್ದವು. ಒಂದು ಬದಿಯಲ್ಲಿ ಆ ಆಟದ ಅಗ್ರಗಣ್ಯ ತಂಡ ಕೆರ್ರಿ. ಮತ್ತೊಂದು ಬದಿಯಲ್ಲಿ ಹನ್ನೆರಡು ವರ್ಷಗಳಿಂದ ಪ್ರಶಸ್ತಿಯ ಮುಖ ಕಾಣದ ಕ್ಯಾವನ್. ಕ್ಯಾವನ್ ತಂಡದ ನಾಯಕನಿಗೆ ಆಗ 29ರ ಆಸುಪಾಸಿನ ಪ್ರಾಯ. ಹೆಸರು ಜಾನ್ ಜೋ ಓ'ರೈಲಿ. ವೃತ್ತಿಯಿಂದ ಸೇನಾಧಿಕಾರಿ. ಆದರೆ ಆಟದ ಲೋಕದಲ್ಲಿ ಅವರ ಗುರುತು ಒಂದೇ: ಕಾರ್ನಾಫೀನ್ ಕ್ಲಬ್ಬಿನ ಹುಡುಗ.

ಆಟ ಆರಂಭವಾಗಿ ಸ್ವಲ್ಪ ಹೊತ್ತಿನಲ್ಲಿಯೇ ಕೆರ್ರಿ ಭಾರೀ ಮುನ್ನಡೆ ಸಾಧಿಸಿತು. ಕ್ಯಾವನ್ ಕಥೆ ಮುಗಿಯಿತೆಂದು ಬಹುತೇಕರು ಭಾವಿಸಿದ್ದ ಆ ಗಳಿಗೆಯಿಂದ ಮುಂದೆ ನಡೆದದ್ದನ್ನು ಐರ್ಲೆಂಡ್‌ನ ಜನ ಇಂದಿಗೂ ಮರೆತಿಲ್ಲ. ಆದರೆ ಆ ಕಥೆಯ ಬೇರು ಇರುವುದು ನ್ಯೂಯಾರ್ಕ್‌ನಲ್ಲಲ್ಲ; ಸಣ್ಣ ಸಣ್ಣ ದಿಬ್ಬಗಳು ಮತ್ತು ಕೆರೆಗಳ ನಡುವೆ ಹರಡಿಕೊಂಡ ಒಂದು ಕೃಷಿ ಪ್ರದೇಶದಲ್ಲಿ.

ಊರಿಗೊಂದು ತಂಡ

ಗೇಲಿಕ್ ಫುಟ್‌ಬಾಲ್ ನಾವು ಬಲ್ಲ ಫುಟ್‌ಬಾಲ್ ಅಲ್ಲ. ಇಲ್ಲಿ ಪ್ರತಿ ತಂಡದಲ್ಲಿ 15 ಆಟಗಾರರು. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಿಂದ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಲೂಬಹುದು. ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು ಇಲ್ಲವೇ ತನ್ನದೇ ಕಾಲಿನಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆ ಸೇರಿದರೆ ಗೋಲು, ಅದಕ್ಕೆ ಮೂರು ಅಂಕ. ಎರಡು ಕಂಬಗಳ ನಡುವೆ ಪಟ್ಟಿಯ ಮೇಲಿನಿಂದ ಹಾದುಹೋದರೆ ಜಾನ್ ಜೋ ಕಾಲದಲ್ಲಿ ಒಂದು ಅಂಕ ಸಿಗುತ್ತಿತ್ತು. ಆದ್ದರಿಂದಲೇ ಗೋಲು ಮತ್ತು ಅಂಕಗಳನ್ನು ಬೇರೆ ಬೇರೆಯಾಗಿ ನಮೂದಿಸುವ ರೂಢಿ.

ಈ ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಜನ್ಮ ತಾಳಿತು. ಬ್ರಿಟಿಷ್ ಆಳ್ವಿಕೆಯ ಅಡಿಯಲ್ಲಿ ಮಸುಕಾಗುತ್ತಿದ್ದ ದೇಶೀಯ ಕ್ರೀಡೆಗಳನ್ನು ಉಳಿಸಿಕೊಳ್ಳುವುದು ಅದರ ಗುರಿಯಾಗಿತ್ತು. ಚರ್ಚ್ ವ್ಯಾಪ್ತಿಗೆ ಸೇರಿದ ಊರುಗಳ ಗುಂಪಿಗೊಂದು ಕ್ಲಬ್ಬು, ಆ ಕ್ಲಬ್ಬುಗಳಲ್ಲಿ ಮೇಲುಗೈಯಾದವರಿಂದ ಜಿಲ್ಲಾ ತಂಡ, ಜಿಲ್ಲೆಗಳ ನಡುವೆ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್. ಇದು ಅದರ ಸರಳ ರಚನೆ. ಆಟಗಾರನಿಗೆ ಸಂಬಳವಿಲ್ಲ. ಹುಟ್ಟಿದ ಊರಿನ ಪರವಾಗಿ ಆಡುವುದೇ ಗೌರವ.

ಕ್ಯಾವನ್ ಜಿಲ್ಲೆಯ ಕಾರ್ನಾಫೀನ್ ಇಂಥ ಗ್ರಾಮೀಣ ಕ್ಲಬ್ಬುಗಳ ಪೈಕಿ ಹಿರಿಯ ಹೆಸರು. ದೊಡ್ಡ ಪೇಟೆಯಿಲ್ಲ, ಕಾರ್ಖಾನೆಗಳಿಲ್ಲ. ಹೊಲ, ಹೈನುಗಾರಿಕೆಯನ್ನು ನಂಬಿದ ಸಣ್ಣ ರೈತರ ಮನೆಗಳು ಅಲ್ಲೊಂದು ಇಲ್ಲೊಂದು. ಆದರೂ ಜಿಲ್ಲೆಯ ಹಿರಿಯರ ಚಾಂಪಿಯನ್‌ಷಿಪ್ ಅನ್ನು ಈ ಕ್ಲಬ್ಬು 20 ಬಾರಿ ಗೆದ್ದುಕೊಂಡಿದೆ. 1930ರ ದಶಕವಂತೂ ಅದರ ಪಾಲಿಗೆ ಸುಗ್ಗಿಯ ಕಾಲ. ಪಟ್ಟಣದ ತಂಡಗಳು ಕಾರ್ನಾಫೀನ್ ಎಂಬ ಹೆಸರು ಕೇಳಿದರೆ ಎಚ್ಚರಗೊಳ್ಳುತ್ತಿದ್ದ ದಿನಗಳವು.

ಬಾಲ್ಯ, ಸೇನೆ, ಸೋಲುಗಳು

1918ರಲ್ಲಿ ಕಿಲ್ಲೆಶಾಂದ್ರಾ ಸಮೀಪದ ಡೆರೀಸ್ ಎಂಬಲ್ಲಿ ಜಾನ್ ಜೋ ಜನಿಸಿದರು. ಮನೆಯಲ್ಲಿಯೇ ಆಟದ ವಾತಾವರಣವಿತ್ತು. ದೊಡ್ಡ ಟಾಮ್ ಎಂದೇ ಖ್ಯಾತರಾಗಿದ್ದ ಅಣ್ಣ ಟಾಮ್ ಓ'ರೈಲಿ ಕೂಡ ಕಾರ್ನಾಫೀನ್ ಮತ್ತು ಕ್ಯಾವನ್ ತಂಡಗಳ ಆಧಾರಸ್ತಂಭ. ಜನಪ್ರಿಯತೆ ಎಷ್ಟಿತ್ತೆಂದರೆ 1940ರ ದಶಕದಲ್ಲಿ ಅವರು ಪಕ್ಷೇತರರಾಗಿ ಐರ್ಲೆಂಡ್ ಸಂಸತ್ತಿನ ಕೆಳಮನೆಗೂ ಆಯ್ಕೆಯಾದರು.

ಕ್ಯಾವನ್‌ನ ಸೇಂಟ್ ಪ್ಯಾಟ್ರಿಕ್ಸ್ ಕಾಲೇಜಿನಲ್ಲಿ ಓದು ಮುಗಿಸಿದ ಜಾನ್ ಜೋ, 1937ರಲ್ಲಿ ಕೆಡೆಟ್ ಆಗಿ ಸೇನೆಗೆ ಸೇರಿದರು. ಕಿಲ್ಡೇರ್ ಜಿಲ್ಲೆಯ ಕರಾ ಸೇನಾ ನೆಲೆ ಅವರ ಕಾರ್ಯಕ್ಷೇತ್ರವಾಯಿತು. ಊರಿನಿಂದ ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಐರ್ಲೆಂಡ್ ತಟಸ್ಥವಾಗಿದ್ದರೂ ಸೇನೆ ಸದಾ ಸನ್ನದ್ಧವಾಗಿರಬೇಕಿತ್ತು. ಇಂಧನದ ಅಭಾವದಿಂದ ಪ್ರಯಾಣವೇ ದುಸ್ತರವಾಗಿದ್ದ ಆ ದಿನಗಳಲ್ಲಿ ಕರ್ತವ್ಯ ಮತ್ತು ಆಟ ಎರಡನ್ನೂ ನಿಭಾಯಿಸುವುದು ಸುಲಭದ ಮಾತಾಗಿರಲಿಲ್ಲ.

ಸೇನೆಗೆ ಸೇರಿದ ವರ್ಷವೇ ಅವರು ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಆಡಿದರು. ಎದುರಾಳಿ ಕೆರ್ರಿ. ಕೊನೆಯ ಗಳಿಗೆಯಲ್ಲಿ ಕ್ಯಾವನ್ ಗಳಿಸಿದ ಅಂಕವನ್ನು ರೆಫರಿ ತಿರಸ್ಕರಿಸಿದರು. ಇದು ತಿಳಿಯದೆ ಎಷ್ಟೋ ಮಂದಿ ಕ್ಯಾವನ್ ಗೆದ್ದಿತೆಂದೇ ಭಾವಿಸಿ ಮನೆಗೆ ಮರಳಿದ್ದರು. ಪಂದ್ಯ ಸಮವಾಗಿತ್ತು. ಮರುಪಂದ್ಯದಲ್ಲಿ ಕೆರ್ರಿ ಗೆದ್ದಿತು. 1943ರಲ್ಲಿ ಮತ್ತೆ ಫೈನಲ್, ಮತ್ತೆ ಸಮಬಲ, ಮರುಪಂದ್ಯದಲ್ಲಿ ರಾಸ್ಕಾಮನ್ ವಿರುದ್ಧ ಸೋಲು. 1945ರಲ್ಲಿ ಕಾರ್ಕ್ ಎದುರು ಮತ್ತೊಂದು ಸೋಲು. ಮೂರು ಫೈನಲ್, ಮೂರು ನಿರಾಸೆ. ಮರುವರ್ಷ ಅಲ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿಯೇ ಆಂಟ್ರಿಮ್ ತಂಡ ಕ್ಯಾವನ್ನನ್ನು ತಡೆಯಿತು. ಪ್ರಶಸ್ತಿಯಿಲ್ಲದೆಯೇ ಈ ಪೀಳಿಗೆ ತೆರೆಮರೆಗೆ ಸರಿಯುವುದೇನೋ ಎಂಬ ಅಳುಕು ಸಹಜವಾಗಿತ್ತು.

ಸಾಗರದಾಚೆಯ ಫೈನಲ್

1947ರ ಫೈನಲ್ ನ್ಯೂಯಾರ್ಕ್‌ಗೆ ಹೋದದ್ದಕ್ಕೆ ಕಾರಣವಿತ್ತು. ಅದಕ್ಕೆ ನೂರು ವರ್ಷ ಹಿಂದೆ, 1847ರಲ್ಲಿ, ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ ಉಂಟಾದ ಮಹಾಕ್ಷಾಮ ಐರ್ಲೆಂಡನ್ನು ಹಿಂಡುತ್ತಿತ್ತು. ಆ ಕ್ಷಾಮದಲ್ಲಿ ಸುಮಾರು 10 ಲಕ್ಷ ಮಂದಿ ಸತ್ತರು; ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶ ತೊರೆದರು. ಹಾಗೆ ಹೋದವರಲ್ಲಿ ಬಹಳಷ್ಟು ಜನ ಸೇರಿದ್ದು ಅಮೆರಿಕವನ್ನು. ಅವರ ಸಂತತಿಯ ನಡುವೆ ಒಂದು ಫೈನಲ್ ನಡೆಯಲಿ ಎಂದು ಕ್ಲೇರ್ ಜಿಲ್ಲೆಯ ಪಾದ್ರಿ ಮೈಕೆಲ್ ಹ್ಯಾಮಿಲ್ಟನ್ ಪಟ್ಟು ಹಿಡಿದರು. ವಿರೋಧಗಳ ನಡುವೆಯೂ ಸಂಘಟನೆ ಒಪ್ಪಿತು. ಐರ್ಲೆಂಡ್ ಹೊರಗೆ ನಡೆದ ಏಕೈಕ ಅಖಿಲ ಐರ್ಲೆಂಡ್ ಫೈನಲ್ ಅದು.

ಆಟಗಾರರಲ್ಲಿ ಕೆಲವರು ಹಡಗಿನಲ್ಲಿ, ಉಳಿದವರು ವಿಮಾನದಲ್ಲಿ ಹೊರಟರು. ಸುಡುವ ಬಿಸಿಲು, ಗಟ್ಟಿ ನೆಲ, ಅಂಗಣದಲ್ಲಿ ಬೇಸ್‌ಬಾಲ್‌ಗಾಗಿ ಎಬ್ಬಿಸಿದ ದಿಬ್ಬ. ಹಸಿರು ಹುಲ್ಲಿನ ಮೈದಾನಕ್ಕೆ ಒಗ್ಗಿದವರಿಗೆ ಎಲ್ಲವೂ ಹೊಸದು. ಸುಮಾರು 35 ಸಾವಿರ ಪ್ರೇಕ್ಷಕರು ನೆರೆದಿದ್ದರು.

ಕೆರ್ರಿಯ ಆರಂಭಿಕ ಹೊಡೆತಕ್ಕೆ ಕ್ಯಾವನ್ ತತ್ತರಿಸಿತು. ಆದರೆ ಮಧ್ಯ ರಕ್ಷಣಾ ಸ್ಥಾನದಲ್ಲಿ ನಿಂತ ನಾಯಕ ತತ್ತರಿಸಲಿಲ್ಲ. ಗೇಲಿಕ್ ಫುಟ್‌ಬಾಲ್‌ನಲ್ಲಿ ಈ ಸ್ಥಾನ ಎಂದರೆ ತಂಡದ ಬೆನ್ನುಮೂಳೆ. ಎದುರಾಳಿಯ ದಾಳಿಗಳೆಲ್ಲ ಅಲ್ಲಿಯೇ ಹಾದುಹೋಗಬೇಕು. ಅಲ್ಲಿಂದಲೇ ಸ್ವಂತ ತಂಡದ ಮುನ್ನುಗ್ಗುವಿಕೆ ಶುರುವಾಗಬೇಕು. ಪಿ.ಜೆ. ಡ್ಯೂಕ್ ಅವರನ್ನು ಮಧ್ಯಭಾಗದಿಂದ ಹಿಂದಕ್ಕೆ ಕರೆಸಿಕೊಂಡ ಬಳಿಕ ರಕ್ಷಣೆ ಬಿಗಿಯಾಯಿತು. ಮುಂದೆ ಜೋ ಸ್ಟ್ಯಾಫರ್ಡ್ ಮತ್ತು ನ್ಯೂಯಾರ್ಕ್‌ನಲ್ಲಿಯೇ ಹುಟ್ಟಿದ್ದ ಮಿಕ್ ಹಿಗಿನ್ಸ್ ಗೋಲು ಗಳಿಸಿದರು. ಪೀಟರ್ ಡೊನೊಹೊ ಫ್ರೀ ಕಿಕ್‌ಗಳಿಂದ ಅಂಕಗಳ ಮಳೆಗರೆದು ಒಟ್ಟು ಎಂಟು ಅಂಕ ಕಲೆಹಾಕಿದರು.

ಐರ್ಲೆಂಡ್‌ನಲ್ಲಿ ಆಗ ರಾತ್ರಿ. ಜನ ರೇಡಿಯೊ ಇದ್ದ ಮನೆಗಳಲ್ಲಿ ಕಿವಿಗೊಟ್ಟು ಕುಳಿತಿದ್ದರು. ಪ್ರಸಾರಕ್ಕಾಗಿ ಕಾಯ್ದಿರಿಸಿದ್ದ ದೂರವಾಣಿ ಮಾರ್ಗದ ಅವಧಿ ಪಂದ್ಯ ಮುಗಿಯುವ ಮುನ್ನವೇ ತೀರುವುದರಲ್ಲಿತ್ತು. ವೀಕ್ಷಕ ವಿವರಣೆಗಾರ ಮೈಕೆಲ್ ಒ'ಹೆಹಿರ್ ಇನ್ನೈದು ನಿಮಿಷ ಮಾರ್ಗ ಕಡಿತಗೊಳಿಸದಂತೆ ಪ್ರಸಾರದ ನಡುವೆಯೇ ಅಂಗಲಾಚಿದರು. ಮಾರ್ಗ ಉಳಿಯಿತು. ಕ್ಯಾವನ್ 2-11, ಕೆರ್ರಿ 2-7. ನಾಲ್ಕು ಅಂಕಗಳ ಜಯ. ಸ್ಯಾಮ್ ಮ್ಯಾಗ್ವೈರ್ ಕಪ್ ಕಾರ್ನಾಫೀನ್ ಹುಡುಗನ ಕೈ ಸೇರಿತು.

ಮತ್ತೊಮ್ಮೆ ಗೆಲುವು

ಮರುವರ್ಷ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಮೇಯೋ ವಿರುದ್ಧದ ಫೈನಲ್‌ಗೆ 74 ಸಾವಿರಕ್ಕೂ ಅಧಿಕ ಮಂದಿ ಸೇರಿದ್ದರು. ಮೊದಲಾರ್ಧದಲ್ಲಿ ಗಾಳಿಯ ಬೆಂಬಲದೊಂದಿಗೆ ಕ್ಯಾವನ್ ದೊಡ್ಡ ಅಂತರ ಸಾಧಿಸಿತು. ದ್ವಿತೀಯಾರ್ಧದಲ್ಲಿ ಮೇಯೋ ಬಿರುಗಾಳಿಯಂತೆ ಎರಗಿತು. ಅಂತಿಮವಾಗಿ ಕ್ಯಾವನ್ 4-5, ಮೇಯೋ 4-4. ಒಂದೇ ಅಂಕದ ಅಂತರದಲ್ಲಿ ಜಾನ್ ಜೋ ಸತತ ಎರಡನೇ ಬಾರಿಗೆ ಕಪ್ ಎತ್ತಿದರು. 1949ರಲ್ಲಿ ಮೂರನೇ ಬಾರಿಯ ಕನಸಿಗೆ ಮೀತ್ ತಡೆಯೊಡ್ಡಿ ತನ್ನ ಚೊಚ್ಚಲ ಪ್ರಶಸ್ತಿ ಪಡೆಯಿತು. ಅದು ಜಾನ್ ಜೋ ಆಡಿದ ಆರನೇ ಫೈನಲ್.

ಅಲ್‌ಸ್ಟರ್ ಪ್ರಾಂತ್ಯದ ಪಾಲಿಗೂ ಈ ಗೆಲುವುಗಳಿಗೆ ಬೇರೆಯೇ ಅರ್ಥವಿತ್ತು. ದೇಶ ವಿಭಜನೆಯ ವೇಳೆ ಪ್ರಾಂತ್ಯದ ಒಂಬತ್ತು ಜಿಲ್ಲೆಗಳಲ್ಲಿ ಆರು ಬ್ರಿಟನ್ ಬಳಿಯೇ ಉಳಿದವು. ಕ್ಯಾವನ್, ಮೊನಹನ್, ಡೊನೆಗಾಲ್ ಈಚೆಗೆ ಬಂದವು. ಗಡಿ ಬಿದ್ದರೂ ಆಟ ಒಡೆಯಲಿಲ್ಲ. 1960ರಲ್ಲಿ ಡೌನ್ ಗೆಲ್ಲುವವರೆಗೂ ಅಖಿಲ ಐರ್ಲೆಂಡ್ ಪ್ರಶಸ್ತಿ ಪಡೆದ ಏಕೈಕ ಅಲ್‌ಸ್ಟರ್ ಜಿಲ್ಲೆ ಎಂಬ ಹೆಗ್ಗಳಿಕೆ ಕ್ಯಾವನ್‌ನದಾಗಿತ್ತು.

ಅಕಾಲದ ಅಂತ್ಯ

ಮೊದಲ ಆಘಾತ ಬಂದದ್ದು 1950ರಲ್ಲಿ. ನ್ಯೂಯಾರ್ಕ್ ವಿಜಯದ ಶಿಲ್ಪಿಗಳಲ್ಲೊಬ್ಬರಾದ ಪಿ.ಜೆ. ಡ್ಯೂಕ್ ಕೇವಲ 25ರ ಪ್ರಾಯದಲ್ಲಿ ಅನಾರೋಗ್ಯದಿಂದ ತೀರಿಕೊಂಡರು. ತಂಡ ಆ ನೋವಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ನಾಯಕನ ಆರೋಗ್ಯವೂ ಕೈಕೊಟ್ಟಿತು.

1952ರ ಅಕ್ಟೋಬರ್ 12ರಂದು ಕ್ಯಾವನ್ ತಂಡ ಮಿಕ್ ಹಿಗಿನ್ಸ್ ನಾಯಕತ್ವದಲ್ಲಿ, ಫೈನಲ್ ಮರುಪಂದ್ಯದಲ್ಲಿ ಮೀತ್ ತಂಡವನ್ನು ಮಣಿಸಿ ಐದನೇ ಬಾರಿ ಚಾಂಪಿಯನ್ ಆಯಿತು. ಆ ತಂಡದಲ್ಲಿ ಜಾನ್ ಜೋ ಇರಲಿಲ್ಲ. ಸರಿಯಾಗಿ ನಲವತ್ತು ದಿನಗಳ ಬಳಿಕ, ನವೆಂಬರ್ 21ರಂದು, ಮೂತ್ರಪಿಂಡದ ಕಾಯಿಲೆಯಿಂದ ಬಳಲುತ್ತಿದ್ದ ಅವರು ಕರಾ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆಗ ಅವರು ಕಮಾಂಡೆಂಟ್ ಹುದ್ದೆಯಲ್ಲಿದ್ದರು. ವಯಸ್ಸು 34. ಪತ್ನಿ ಹಾಗೂ ಚಿಕ್ಕ ಮಕ್ಕಳನ್ನು ಅಗಲಿದ್ದರು. ಗೆಲುವಿನ ಸಂಭ್ರಮ ಇನ್ನೂ ಆರದಿದ್ದ ಜಿಲ್ಲೆಯಲ್ಲಿ ಸೂತಕದ ಛಾಯೆ ಕವಿಯಿತು.

ಜನರು ಅವರನ್ನು ಹಾಡಿನಲ್ಲಿ ಉಳಿಸಿಕೊಂಡರು. ಅವರ ಕುರಿತು ಹುಟ್ಟಿದ ಲಾವಣಿ ಕ್ಯಾವನ್‌ನ ಮದುವೆ ಮನೆಗಳಿಂದ ಹಿಡಿದು ಮೈದಾನದವರೆಗೆ ಹರಡಿತು. ಕ್ಯಾವನ್‌ನವರೇ ಆದ ನಾಟಕಕಾರ ಟಾಮ್ ಮ್ಯಾಕಿಂಟೈರ್ 2001ರಲ್ಲಿ ರಂಗಕ್ಕೆ ತಂದ ತಮ್ಮ ನಾಟಕಕ್ಕೂ ಅದೇ ಲಾವಣಿಯ ಹೆಸರನ್ನಿಟ್ಟರು. ಸಂಘಟನೆಯ ಶತಮಾನೋತ್ಸವದ ಅಂಗವಾಗಿ 1984ರಲ್ಲಿ ಆಯ್ಕೆ ಮಾಡಿದ ಶತಮಾನದ ತಂಡದಲ್ಲಿ ಮಧ್ಯ ರಕ್ಷಣೆಯ ಸ್ಥಾನ ಅವರಿಗೆ ಮೀಸಲಾಯಿತು. 1999ರ ಸಹಸ್ರಮಾನದ ತಂಡದಲ್ಲಿಯೂ ಅದೇ ಸ್ಥಾನ, ಅದೇ ಹೆಸರು.

ಉಳಿದ ಪ್ರಶ್ನೆ

ನಾಯಕನ ನಿರ್ಗಮನದ ನಂತರ ಕ್ಯಾವನ್‌ನ ಭಾಗ್ಯವೂ ಬದಲಾಯಿತು. 1969, 1997 ಮತ್ತು 2020ರಲ್ಲಿ ಅಲ್‌ಸ್ಟರ್ ಪ್ರಾಂತ್ಯದ ಪ್ರಶಸ್ತಿ ದೊರೆತರೂ 1952ರ ಬಳಿಕ ಸ್ಯಾಮ್ ಮ್ಯಾಗ್ವೈರ್ ಕಪ್ ಆ ಜಿಲ್ಲೆಯತ್ತ ಮುಖ ಮಾಡಿಲ್ಲ. ಕಾರ್ನಾಫೀನ್ ಕ್ಲಬ್ಬು ತನ್ನ 20ನೇ ಜಿಲ್ಲಾ ಪ್ರಶಸ್ತಿಯನ್ನು ಗೆದ್ದದ್ದು 1956ರಲ್ಲಿ. ಅದೇ ಕೊನೆಯದು.

ಇದಕ್ಕೆ ಆಟವೊಂದೇ ಕಾರಣವಲ್ಲ. 1950ರ ದಶಕದಲ್ಲಿ ಐರ್ಲೆಂಡ್‌ನ ಹಳ್ಳಿಗಳು ಬರಿದಾದವು. ದುಡಿಮೆ ಅರಸಿ ಯುವಜನರು ಇಂಗ್ಲೆಂಡ್ ಹಾಗೂ ಅಮೆರಿಕಕ್ಕೆ ಗುಳೆ ಹೊರಟರು. ತನ್ನ ಊರಿನಲ್ಲಿ ಹುಟ್ಟಿದವರನ್ನೇ ನೆಚ್ಚಿಕೊಂಡ ಕ್ಲಬ್ಬು, ಆ ಊರಿನಲ್ಲಿ ಹುಡುಗರೇ ಉಳಿಯದಿದ್ದರೆ 15 ಮಂದಿಯನ್ನು ಎಲ್ಲಿಂದ ತರಬೇಕು? ಹೊರಗಿನಿಂದ ಆಟಗಾರರನ್ನು ಕೊಳ್ಳುವ ಪದ್ಧತಿ ಅಲ್ಲಿಲ್ಲ. ಕ್ಷಾಮದ ನೆನಪಿಗೆ ಸಾಗರದಾಚೆ ಹೋಗಿ ಕಪ್ ಗೆದ್ದು ತಂದ ನಾಡು, ಕೆಲವೇ ವರ್ಷಗಳಲ್ಲಿ ಅದೇ ಸಾಗರದಾಚೆಗೆ ತನ್ನ ಮಕ್ಕಳನ್ನು ಮತ್ತೆ ಕಳಿಸಿಕೊಟ್ಟಿತು.

ಆದರೂ ಜಿಲ್ಲೆಯ ದಾಖಲೆ ಪುಸ್ತಕದಲ್ಲಿ ಅತಿ ಹೆಚ್ಚು ಪ್ರಶಸ್ತಿಗಳ ಎದುರು ಕಾರ್ನಾಫೀನ್ ಹೆಸರಿದೆ. ರಾಷ್ಟ್ರದ ಸಾರ್ವಕಾಲಿಕ ಶ್ರೇಷ್ಠ ಹದಿನೈದು ಮಂದಿಯ ಪಟ್ಟಿಯಲ್ಲಿ, ರಕ್ಷಣಾ ಸಾಲಿನ ನಟ್ಟನಡುವೆ, ಅದೇ ಊರಿನ ಮಗನ ಹೆಸರಿದೆ. ಬೆರಳೆಣಿಕೆಯ ಮನೆಗಳ ಊರೊಂದು ನಾಡಿಗೆ ಕೊಟ್ಟ ಕಾಣಿಕೆ ಅದು.